ಅಜ್ಜನ ಶ್ರುತಿ ಎರಡೇ ಸೆಕೆಂಡಿಗೆ ಮಾಯವಾಗುತ್ತಿದ್ದದ್ದು ಯಾಕೆ?

ಇದು ನಮ್ಮ ಮನೆಯದೇ ಕಥೆ. ನಾನು ಬೆಂಗಳೂರಿನಲ್ಲಿ ಹತ್ತು ವರ್ಷ ಮೊಬೈಲ್ ಕರೆಗಳ ಧ್ವನಿ ಪರೀಕ್ಷೆ ಮಾಡುವ ಕೆಲಸದಲ್ಲಿದ್ದೆ. ಹಾಗಿದ್ದೂ ಇದರ ಮೂಲ ಹುಡುಕಲು ಮೂರು ತಿಂಗಳು ಹಿಡಿಯಿತು. ಮೊದಲ ಊಹೆ ಪೂರ್ತಿ ತಪ್ಪು, ಎರಡನೆಯದು ಅರ್ಧ ತಪ್ಪು. ಅದಕ್ಕೇ ಒಂದು ಕಡೆ ಬರೆದಿಡೋಣ ಅನಿಸಿತು.

ನನ್ನ ಸೋದರಮಾವ ಕಾಸರಗೋಡು ಜಿಲ್ಲೆಯ ಪೆರ್ಲದಿಂದ ಸ್ವಲ್ಪ ಒಳಗೆ, ಅಡಿಕೆ ತೋಟದ ಬೈಲಿನಲ್ಲಿದ್ದಾರೆ. ಕನ್ನಡ ಶಾಲೆಯಲ್ಲಿ ಮೇಷ್ಟ್ರಾಗಿದ್ದು ನಿವೃತ್ತರಾದವರು, ಯಕ್ಷಗಾನದ ಹವ್ಯಾಸಿ ಭಾಗವತರು. ನನ್ನ ಮಗಳಿಗೆ 11 ವರ್ಷ. ಬೇಸಿಗೆ ರಜೆಯಲ್ಲಿ ಊರಿಗೆ ಹೋದವಳು ಅಜ್ಜನ ಹತ್ತಿರ ನಾಲ್ಕು ಪದ್ಯ ಕಲಿತು ಬಂದಳು. ಬಂದ ಮೇಲೂ ಬಿಡಲಿಲ್ಲ. ಪ್ರತಿ ಭಾನುವಾರ ಬೆಳಿಗ್ಗೆ ಫೋನಿನಲ್ಲಿ ಪಾಠ ಶುರುವಾಯಿತು. ವಿಡಿಯೊ ಕರೆ ಮಾಡಬಹುದಿತ್ತಲ್ವಾ ಅಂತ ಕೇಳಬೇಡಿ. ಮಾವನದು ಕೀಪ್ಯಾಡ್ ಫೋನು. ಮನೆಯ ಮೂರು ಕಡೆ ಗುಡ್ಡೆ, 4ಜಿ ಅಲ್ಲಿಗೆ ಇಳಿಯುವುದೇ ಇಲ್ಲ. ಗಡಿ ಬೇರೆ ಹತ್ತಿರ. ಜಗಲಿಯಲ್ಲಿ ಕೂತರೆ ಕೇರಳದ ಟವರ್, ಹಟ್ಟಿಯ ಹತ್ತಿರ ಹೋದರೆ ಕರ್ನಾಟಕದ್ದು.

ಮೂರನೇ ವಾರಕ್ಕೇ ಜಗಳ ಬಂತು.

"ಅಜ್ಜ, ಶ್ರುತಿ ನಿಂತಿತು."

"ನಿಂತದ್ದು ಎಲ್ಲಿ? ಇಲ್ಲಿ ಬರ್ತಾ ಉಂಟಲ್ಲ."

"ಇಲ್ಲ ಅಜ್ಜ, ಸುಮ್ನೆ ಹುಸ್ ಅಂತಿದೆ."

"ಕಿವಿ ಕೊಟ್ಟು ಕೇಳು ಮಗಾ."

ನಾನೂ ಕಿವಿ ಕೊಟ್ಟೆ. ಮಗಳು ಹೇಳಿದ್ದು ನಿಜ. ಮಾವ ಎಲೆಕ್ಟ್ರಾನಿಕ್ ಶ್ರುತಿ ಪೆಟ್ಟಿಗೆ ಹಾಕಿದ ತಕ್ಷಣ ಷಡ್ಜ ಚೆನ್ನಾಗಿ ಕೇಳುತ್ತದೆ. ಒಂದು, ಎರಡು ಅಂತ ಎಣಿಸುವಷ್ಟರಲ್ಲಿ ಯಾರೋ ನಿಧಾನಕ್ಕೆ ಬಾಗಿಲು ಹಾಕಿದ ಹಾಗೆ ಕುಗ್ಗುತ್ತಾ ಹೋಗಿ ಇಲ್ಲವೇ ಇಲ್ಲ ಅನ್ನುವಂತಾಗುತ್ತದೆ. ಮಾವ ಹಾಡಲು ಶುರು ಮಾಡಿದರೆ ಸ್ವರದ ಜೊತೆ ಶ್ರುತಿ ಸ್ವಲ್ಪ ಇಣುಕುತ್ತದೆ, ಹಾಡು ನಿಲ್ಲಿಸಿದರೆ ಮತ್ತೆ ಮಾಯ. ದೂರು ಇಷ್ಟಕ್ಕೇ ಮುಗಿಯಲಿಲ್ಲ. ಜಾಗಟೆಯ ಸದ್ದು ಠಣ್ ಅಂತ ಶುರುವಾಗಿ ಬಾಲ ಕತ್ತರಿಸಿದ ಹಾಗೆ ನಿಲ್ಲುತ್ತಿತ್ತು. ಸ ಯಾವುದು, ಶ ಯಾವುದು ಗೊತ್ತಾಗುತ್ತಿರಲಿಲ್ಲ, ಮಾವ "ಸೊಸೈಟಿಯ ಸ, ಶಾಲೆಯ ಶ" ಅಂತ ಬಿಡಿಸಿ ಹೇಳಬೇಕಾಗುತ್ತಿತ್ತು. ಇನ್ನೊಂದು ದೂರು ಮಾವನದ್ದು: "ಕೂಸು ತಾಳ ಎಳೀತಾಳೆ." ಪಕ್ಕದಲ್ಲಿ ಕೂತು ಕೇಳಿದರೆ ಅವಳ ತಾಳ ಸರಿಯಾಗಿಯೇ ಇತ್ತು.

ನನ್ನ ಮೊದಲ ಊಹೆ ಸಿಗ್ನಲ್. ಎಲ್ಲರೂ ಅದನ್ನೇ ಹೇಳುತ್ತಾರೆ, ನಾನೂ ಹೇಳಿದೆ. ಜಗಲಿಯಿಂದ ಆರು ಹೆಜ್ಜೆ ಅಂಗಳಕ್ಕೆ ಬನ್ನಿ ಅಂದೆ. ಮಾವನ ಸ್ವರ ಸುಧಾರಿಸಿತು, ಪಾತ್ರೆಯೊಳಗಿಂದ ಮಾತಾಡಿದಂತೆ ಬರುತ್ತಿದ್ದದ್ದು ಹೋಯಿತು. ಶ್ರುತಿ ಮಾತ್ರ ಅದೇ ಎರಡು ಸೆಕೆಂಡು. ಸಿಗ್ನಲ್ ಕೆಟ್ಟರೆ ಸದ್ದು ಅಲ್ಲಲ್ಲಿ ತುಂಡಾಗುತ್ತದೆ, ಹೀಗೆ ಪ್ರತಿ ಸಲ ಒಂದೇ ಲೆಕ್ಕದಲ್ಲಿ ಕರಗುವುದಿಲ್ಲ. ಅದು ಅವತ್ತೇ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಎರಡನೆಯ ಊಹೆ ಕೋಡೆಕ್, ಅಂದರೆ ಸದ್ದನ್ನು ಬಿಟ್‌ಗಳಾಗಿ ಬರೆದು ಆ ಕಡೆ ಮತ್ತೆ ಸದ್ದು ಮಾಡುವ ಲೆಕ್ಕ. ಇಲ್ಲಿ ಸ್ವಲ್ಪ ನಿಂತು ಹೇಳಬೇಕು, ಯಾಕೆಂದರೆ ಮೊಬೈಲಿನಲ್ಲಿ ನಮ್ಮ ಸದ್ದು ಹೋಗುತ್ತದೆ ಅಂತಲೇ ಎಲ್ಲರೂ ತಿಳಿದುಕೊಂಡಿರುತ್ತಾರೆ. ಸದ್ದು ಹೋಗುವುದಿಲ್ಲ.

ಹಳೆಯ ಡಿಜಿಟಲ್ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಹೋಗುತ್ತಿತ್ತು ಅನ್ನಬಹುದು. ಸೆಕೆಂಡಿಗೆ 8000 ಸಲ ಸದ್ದಿನ ಅಲೆಯ ಎತ್ತರ ಅಳೆದು, ಒಂದೊಂದು ಅಳತೆಯನ್ನು 8 ಬಿಟ್‌ನಲ್ಲಿ ಬರೆದರೆ ಸೆಕೆಂಡಿಗೆ 64,000 ಬಿಟ್. ತಂತಿಯಲ್ಲಿ ಇದು ನಡೆಯುತ್ತದೆ. ಗಾಳಿಯಲ್ಲಿ ಅಷ್ಟು ಜಾಗ ಎಲ್ಲಿದೆ? ಜಿಎಸ್‌ಎಂ, ಅಂದರೆ 2ಜಿ ಫೋನಿಗೆ ಬಂದ ಮೊದಲ ಕೋಡೆಕ್ ಅದನ್ನು 13,000ಕ್ಕೆ ಇಳಿಸಿತು. ಆಮೇಲೆ 1999ರಲ್ಲಿ ಗೊತ್ತುಪಡಿಸಿದ ಎಎಂಆರ್ ಕೋಡೆಕ್‌ನಲ್ಲಿ ಎಂಟು ಮಟ್ಟಗಳಿವೆ, ಮೇಲಿನದು 12,200, ಕೆಳಗಿನದು 4,750. 64,000 ಎಲ್ಲಿ, 4,750 ಎಲ್ಲಿ! ಬರೀ ಒತ್ತಿ ಚಿಕ್ಕದು ಮಾಡಿದರೆ ಇಷ್ಟು ಇಳಿಯುವುದಿಲ್ಲ. ಇಲ್ಲಿ ಬೇರೆಯೇ ಒಂದು ಉಪಾಯ ಇದೆ.

ಮಾವನಿಗೆ ಇದನ್ನು ಪ್ರಸಂಗ ಪುಸ್ತಕದ ಲೆಕ್ಕದಲ್ಲಿ ಹೇಳಿದೆ. ಪುಸ್ತಕದಲ್ಲಿ ಹಾಡು ಇರುತ್ತದಾ? ಇಲ್ಲ. ಮೇಲೆ 'ರಾಗ ಸೌರಾಷ್ಟ್ರ, ತ್ರಿವುಡೆ ತಾಳ' ಅಂತ ಒಂದು ಸಾಲು, ಕೆಳಗೆ ಪದ್ಯ. ಹಾಡುವುದು ಭಾಗವತ. ಅವನ ಗಂಟಲಿನಲ್ಲಿ ಉಳಿದದ್ದೆಲ್ಲ ಮೊದಲೇ ಇದೆ, ಪುಸ್ತಕ ಬರೀ ಸೂಚನೆ ಕೊಡುತ್ತದೆ. ಕೋಡೆಕ್ ಮಾಡುವುದೂ ಅದನ್ನೇ. ಬೆಂಗಳೂರಿನ ನಮ್ಮ ಫೋನಿನೊಳಗೆ ಲೆಕ್ಕದಲ್ಲೇ ಕಟ್ಟಿದ ಒಂದು ಗಂಟಲಿದೆ. ಪೆರ್ಲದ ಫೋನು ಪ್ರತಿ 20 ಮಿಲಿಸೆಕೆಂಡಿಗೊಮ್ಮೆ ಅದಕ್ಕೆ ಒಂದು ಚೀಟಿ ಕಳಿಸುತ್ತದೆ: ಬಾಯಿಯ ಆಕಾರ ಹೀಗಿರಲಿ, ಸ್ವರದ ಸ್ಥಾಯಿ ಇಷ್ಟಿರಲಿ, ಜೋರು ಇಷ್ಟಿರಲಿ. ನಮ್ಮ ಫೋನು ಅದನ್ನು ನೋಡಿ ಹೊಸದಾಗಿ ಮಾತಾಡುತ್ತದೆ. ಮಾವ ನಕ್ಕರು. "ಹಾಗಾದರೆ ನೀವು ಅಲ್ಲಿ ಕೇಳುವುದು ನನ್ನದಲ್ಲ, ನನ್ನ ಹಾಗೆ ಹಾಡುವ ಇನ್ನೊಬ್ಬನದ್ದು" ಅಂದರು. ಇದಕ್ಕಿಂತ ಸರಿಯಾಗಿ ನನ್ನ ಆಫೀಸಿನಲ್ಲಿ ಯಾರೂ ಹೇಳಿರಲಿಲ್ಲ.

ಎಎಂಆರ್‌ನ 12,200ರ ಮಟ್ಟದಲ್ಲಿ ಒಂದು ಚೀಟಿಗೆ 244 ಬಿಟ್. ಅದರಲ್ಲಿ 38 ಬಿಟ್ ಬಾಯಿಯ ಆಕಾರಕ್ಕೆ. 30 ಬಿಟ್ ಸ್ಥಾಯಿಗೆ, ಅಂದರೆ ಈಗಿನ ಅಲೆ ಎಷ್ಟು ಹಿಂದಿನ ಅಲೆಯ ನಕಲು ಅಂತ ಹೇಳುವುದಕ್ಕೆ. 36 ಬಿಟ್ ಜೋರು ಎಷ್ಟು ಅನ್ನುವುದಕ್ಕೆ. ಉಳಿದ 140 ಬಿಟ್, ಅರ್ಧಕ್ಕಿಂತ ಜಾಸ್ತಿ, ಈ ಲೆಕ್ಕಕ್ಕೆಲ್ಲ ಸಿಗದೆ ಉಳಿದ ಚೂರುಪಾರಿಗೆ. ಆ ಚೂರುಗಳನ್ನು ಸಣ್ಣ ಸಣ್ಣ ಬಡಿತಗಳಾಗಿ ಎಲ್ಲಿಟ್ಟರೆ ಮೂಲಕ್ಕೆ ಹತ್ತಿರ ಕೇಳುತ್ತದೆ ಅಂತ ಫೋನು ತನ್ನೊಳಗೇ ನುಡಿಸಿ ನೋಡಿ, ಹೋಲಿಸಿ, ಒಳ್ಳೆಯದನ್ನು ಆರಿಸುತ್ತದೆ. ನುಡಿಸಿ ಹೋಲಿಸುವ ದಾರಿಯಲ್ಲಿ ಇಂಥ ಕೋಡೆಕ್‌ಗಳಿಗೆ ಮೂಲವಾದ ವಿಧಾನವನ್ನು 1985ರಲ್ಲಿ ಮಂಡಿಸಿದವರು ಮ್ಯಾನ್‌ಫ್ರೆಡ್ ಶ್ರೋಡರ್ ಮತ್ತು ಬಿಷ್ಣು ಅಟಲ್. ಈ ಅಟಲ್ ನಮ್ಮ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲೇ (ಭಾರತೀಯ ವಿಜ್ಞಾನ ಸಂಸ್ಥೆ) ಓದಿ, 1957ರಿಂದ 1960ರವರೆಗೆ ಅಲ್ಲೇ ಶಬ್ದಶಾಸ್ತ್ರ ಪಾಠ ಮಾಡಿ, ಆಮೇಲೆ ಅಮೆರಿಕದ ಬೆಲ್ ಲ್ಯಾಬ್ಸ್‌ಗೆ ಹೋದವರು. ಅವರು ಇದನ್ನು ಮೊದಲು ಮಾಡಿ ನೋಡಿದಾಗ ಒಂದು ಸೆಕೆಂಡಿನ ಮಾತಿಗೆ ಕ್ರೇ ಸೂಪರ್ ಕಂಪ್ಯೂಟರ್ ಸುಮಾರು 150 ಸೆಕೆಂಡು ತೆಗೆದುಕೊಂಡಿತ್ತಂತೆ. ಈಗ ಅದೇ ಜಾತಿಯ ಲೆಕ್ಕವನ್ನು ಮಾವನ ಜೇಬಿನ ಸಣ್ಣ ಫೋನು ಅವರು ಎಲೆ ಅಡಿಕೆ ಜಗಿಯುವಾಗಲೇ ಮಾಡಿ ಮುಗಿಸುತ್ತದೆ.

ಸಿಗ್ನಲ್ ಸೋತಾಗ ಏನಾಗುತ್ತದೆ ಅನ್ನುವುದೂ ಇಲ್ಲೇ ಇದೆ. ಜಿಎಸ್‌ಎಂನಲ್ಲಿ ಒಂದು ಪೂರ್ಣ ಕರೆಗೆ ಗಾಳಿಯಲ್ಲಿ ಸಿಗುವುದು ಸೆಕೆಂಡಿಗೆ ಒಟ್ಟು 22,800 ಬಿಟ್. ಸಿಗ್ನಲ್ ಚೆನ್ನಾಗಿದ್ದರೆ 12,200 ಮಾತಿಗೆ, ಉಳಿದದ್ದು ಕಾವಲಿಗೆ, ಅಂದರೆ ದಾರಿಯಲ್ಲಿ ಕೆಟ್ಟ ಬಿಟ್‌ಗಳನ್ನು ಹಿಡಿದು ಸರಿಪಡಿಸುವುದಕ್ಕೆ. ಸಿಗ್ನಲ್ ಕೆಟ್ಟರೆ ಮಾತಿನ ಪಾಲನ್ನು ಇಳಿಸುತ್ತಾ ಹೋಗಿ ಕಾವಲು ಜಾಸ್ತಿ ಮಾಡುತ್ತಾರೆ. ಮಾತು ತುಂಡಾಗುವ ಬದಲು ಪಾತ್ರೆಯೊಳಗಿಂದ ಬಂದಂತಾಗುತ್ತದೆ. ಅಂಗಳಕ್ಕೆ ಬಂದಾಗ ಮಾವನ ಸ್ವರ ಸುಧಾರಿಸಿದ್ದು ಇದರಿಂದ.

ಸರಿ, ಈ ಲೆಕ್ಕದ ಗಂಟಲಿಗೆ ಜಾಗಟೆ ಕೊಟ್ಟರೆ? ಕಂಚಿನ ತಟ್ಟೆಗೆ ಬಾಯಿಯೂ ಇಲ್ಲ, ಗಂಟಲೂ ಇಲ್ಲ. ಅದರೊಳಗಿನ ಸ್ವರಗಳು ಒಂದಕ್ಕೊಂದು ಲೆಕ್ಕದಲ್ಲಿ ಕೂರುವುದೂ ಇಲ್ಲ. ಕೋಡೆಕ್‌ನಲ್ಲಿ ಒಂದು ಹೊತ್ತಿಗೆ ಒಂದೇ ಸ್ಥಾಯಿ ಹೇಳಲು ಜಾಗ. ಹಾಗಾಗಿ ಕರಕರ. ಮಾವ ಶ್ರುತಿಯ ಮೇಲೆ ಹಾಡಿದಾಗಲೂ ಇದೇ ಗೋಳು. ಷಡ್ಜದಲ್ಲಿ ನಿಂತರೆ ಗಂಟಲೂ ಪೆಟ್ಟಿಗೆಯೂ ಒಂದಾಗಿರುವುದರಿಂದ ತಂಪಾಗಿ ಕೇಳುತ್ತದೆ. ಮೇಲೆ ಹೋಗಿ ಬೇರೆ ಸ್ವರದಲ್ಲಿ ನಿಂತರೆ ಎರಡು ಸ್ಥಾಯಿ, ಒಂದು ಚೀಟಿ. ಆಗ ಮಾವನ ಸ್ವರಕ್ಕೆ ಸಣ್ಣ ನಡುಕ ಬರುತ್ತದೆ. 'ಮಾವನಿಗೆ ವಯಸ್ಸಾಯಿತು' ಅಂದುಕೊಂಡಿದ್ದೆ ನಾನು. ಆ ನಡುಕ ಪೆರ್ಲದ್ದಲ್ಲ.

ಇಷ್ಟೆಲ್ಲ ಗೊತ್ತಿದ್ದದ್ದರಿಂದಲೇ ಶ್ರುತಿ ಮಾಯ ಆಗುವುದಕ್ಕೂ ಕೋಡೆಕ್ ಕಾರಣ ಅಂತ ತೀರ್ಮಾನ ಮಾಡಿಬಿಟ್ಟೆ. ಕಲಿತವನ ತಪ್ಪು ಅಂದರೆ ಇದು. ಸ್ವಲ್ಪ ಯೋಚಿಸಿದ್ದರೆ ಸಾಕಿತ್ತು. ಷಡ್ಜ ಹಿಡಿದ ಪೆಟ್ಟಿಗೆ ಕೋಡೆಕ್‌ಗೆ ಕಷ್ಟದ್ದೇ ಅಲ್ಲ, ಅದರಲ್ಲಿ ಏನೂ ಬದಲಾಗುವುದಿಲ್ಲ, ಹಿಂದಿನ ಅಲೆಯನ್ನೇ ನಕಲು ಮಾಡಿದರೆ ಆಯಿತು. ಕೆಟ್ಟದಾಗಿ ಕೇಳಿದರೆ ಕೋಡೆಕ್ ಮೇಲೆ ಸಂಶಯ ಪಡಬಹುದು. ಕೇಳುವುದೇ ನಿಂತರೆ?

ದೀಪಾವಳಿಗೆ ಊರಿಗೆ ಹೋದೆವು. ಈ ಸಲ ಒಂದೊಂದಾಗಿ ಪರೀಕ್ಷೆ ಮಾಡಿದೆ. ನನ್ನದೊಂದು ಸ್ಮಾರ್ಟ್‌ಫೋನು, ಹೆಂಡತಿಯದೊಂದು, ಮಾವನ ಕೀಪ್ಯಾಡು. ಮೊದಲು ಮೈಕು. ಕರೆ ಇಲ್ಲದೆ ಸುಮ್ನೆ ಶ್ರುತಿಯನ್ನು ರೆಕಾರ್ಡ್ ಮಾಡಿ ಕೇಳಿದೆ. ಐದು ನಿಮಿಷ, ಒಂದು ಚೂರೂ ಕುಗ್ಗಿಲ್ಲ. ಮೈಕು ಸರಿ ಇದೆ.

ಆಮೇಲೆ ನನ್ನ ಫೋನು, ಶ್ರುತಿ ಪೆಟ್ಟಿಗೆ ಎರಡನ್ನೂ ಹಿಡಿದು ಗುಡ್ಡೆ ಹತ್ತಿದೆ. ಮೇಲೆ ಮುರಕಲ್ಲಿನ ಬಯಲು, 4ಜಿ ಪೂರ್ತಿ ಸಿಗುತ್ತದೆ. ಹೆಂಡತಿ ಪೆರ್ಲ ಪೇಟೆಯಲ್ಲಿದ್ದಳು. ಇಬ್ಬರಿಗೂ ವೋಲ್ಟಿ, ಅಂದರೆ 4ಜಿಯಲ್ಲೇ ಹೋಗುವ ಧ್ವನಿ ಕರೆ. ವ್ಯತ್ಯಾಸ ತಕ್ಷಣ ಗೊತ್ತಾಯಿತು. ಹಳೆಯ ಕೋಡೆಕ್‌ನಲ್ಲಿ ಸೆಕೆಂಡಿಗೆ 8000 ಅಳತೆ ಮಾತ್ರ, ಟೆಲಿಫೋನಿನಲ್ಲಿ ಸದ್ದು ಸುಮಾರು 300ರಿಂದ 3400 ಹರ್ಟ್ಸ್ ಒಳಗೇ. ಸ ಅಕ್ಷರದ ಜೀವ ಇರುವುದು ಅದರ ಮೇಲೆ, ಶ ಸ್ವಲ್ಪ ಕೆಳಗಿರುವುದರಿಂದ ಹೇಗೋ ಬದುಕಿಕೊಳ್ಳುತ್ತದೆ. ಎಎಂಆರ್‌ನ ದೊಡ್ಡಣ್ಣ ವೈಡ್‌ಬ್ಯಾಂಡ್‌ನಲ್ಲಿ 16,000 ಅಳತೆ, 50ರಿಂದ 7000 ಹರ್ಟ್ಸ್‌ವರೆಗೆ ಸದ್ದು. 2014ರಲ್ಲಿ ಬಂದ ಇವಿಎಸ್ ಕೋಡೆಕ್ ಇನ್ನೂ ಮೇಲೆ ಹೋಗುತ್ತದೆ. ಸೊಸೈಟಿಯ ಸ ಬೇರೆ, ಶಾಲೆಯ ಶ ಬೇರೆ, ಬಿಡಿಸಿ ಹೇಳುವ ಅಗತ್ಯವೇ ಬೀಳಲಿಲ್ಲ. ಆದರೆ ಇದು ಎರಡೂ ತುದಿಯಲ್ಲಿ ಇದ್ದರೆ ಮಾತ್ರ. ಬೆಂಗಳೂರಿನಲ್ಲಿ ನಾನು ಎಷ್ಟು ದುಬಾರಿ ಫೋನ್ ಹಿಡಿದರೂ ಆ ಕಡೆ ಮಾವ 2ಜಿಯಲ್ಲಿದ್ದರೆ ಇಡೀ ಕರೆ 2ಜಿಯ ಸದ್ದಿಗೇ ಇಳಿಯುತ್ತದೆ.

ಸ-ಶ ಸಮಸ್ಯೆ ಹೀಗೆ ಬಗೆಹರಿಯಿತು. ಈಗ ಪೆಟ್ಟಿಗೆ ಹಾಕಿದೆ. ಒಂದು, ಎರಡು... ಹೆಂಡತಿ ಹೇಳಿದಳು, "ಹೋಯ್ತು."

4ಜಿ, ವೈಡ್‌ಬ್ಯಾಂಡ್, ಗುಡ್ಡೆಯ ಮೇಲೆ ಪೂರ್ತಿ ಸಿಗ್ನಲ್. ಆದರೂ ಅದೇ ಎರಡು ಸೆಕೆಂಡು. ಸಿಗ್ನಲ್ಲೂ ಅಲ್ಲ, ಕೋಡೆಕ್ಕೂ ಅಲ್ಲ.

ಅಲ್ಲೇ ಒಂದು ಕಲ್ಲಿನ ಮೇಲೆ ಕೂತೆ. ಪೆಟ್ಟಿಗೆಯ ಸ್ವಿಚ್ಚನ್ನು ಸುಮ್ನೆ ಆರಿಸಿ ಹಾಕುತ್ತಾ ಇದ್ದೆ. ಹೆಂಡತಿ ಆ ಕಡೆಯಿಂದ ಹೇಳುತ್ತಿದ್ದಳು: ಬಂತು, ಹೋಯ್ತು. ಬಂತು, ಹೋಯ್ತು. ಆರಿಸಿ ಹತ್ತು ಸೆಕೆಂಡು ಬಿಟ್ಟು ಹಾಕಿದರೆ ಎರಡು ಸೆಕೆಂಡು ಪೂರ್ತಿ ಬರುತ್ತದೆ. ಆರಿಸಿ ತಕ್ಷಣ ಹಾಕಿದರೆ ಬರುವುದೇ ಇಲ್ಲ. ಅಂದರೆ ಆ ಕಡೆಗೆ ಹೋಗುವ ಮೊದಲೇ, ನನ್ನ ಕೈಯ ಫೋನಿನೊಳಗೆ, ಯಾರೋ ಕೂತು ಇದನ್ನು ನೆನಪಿಟ್ಟುಕೊಳ್ಳುತ್ತಿದ್ದಾರೆ.

ಆ 'ಯಾರೋ' ಗದ್ದಲ ತೆಗೆಯುವ ಲೆಕ್ಕ, ನಾಯ್ಸ್ ಸಪ್ರೆಶನ್. ಕೋಡೆಕ್‌ಗೆ ಕೊಡುವ ಮೊದಲು ಫೋನು ಸದ್ದನ್ನು ಸೋಸುತ್ತದೆ. ಗದ್ದಲ ಯಾವುದು, ಮಾತು ಯಾವುದು ಅಂತ ಅದಕ್ಕೆ ಹೇಗೆ ತಿಳಿಯಬೇಕು? ಅದರ ಹತ್ತಿರ ಒಂದು ಸರಳ ನಂಬಿಕೆ ಇದೆ. ಮಾತು ಏರುತ್ತದೆ, ಇಳಿಯುತ್ತದೆ, ಅಕ್ಷರಗಳ ನಡುವೆ ಒಂದು ಗಳಿಗೆ ನಿಲ್ಲುತ್ತದೆ. ಫ್ಯಾನು, ಪಂಪು, ಬಸ್ಸಿನ ಇಂಜಿನ್ನು ನಿಲ್ಲುವುದಿಲ್ಲ. ಹಾಗಾಗಿ ಒಂದೆರಡು ಸೆಕೆಂಡು ಕಾದು ನೋಡಿ, ಅಷ್ಟು ಹೊತ್ತೂ ಕಡಿಮೆಯಾಗದೆ ಉಳಿದದ್ದೆಲ್ಲ ಗದ್ದಲ ಅಂತ ಬರೆದುಕೊಂಡು ಕಳೆಯುತ್ತಾ ಹೋಗುತ್ತದೆ. ಶ್ರುತಿಯ ಧರ್ಮವೇ ಬದಲಾಗದೆ ಇರುವುದು. ಭಾಗವತನಿಗೆ ಅದು ನೆಲ, ಫೋನಿಗೆ ಅದು ಮೋಟಾರು.

ಇನ್ನೊಂದು ಸೂಕ್ಷ್ಮವೂ ಇದೆ. ಸ್ಮಾರ್ಟ್‌ಫೋನುಗಳಲ್ಲಿ ಸಾಮಾನ್ಯವಾಗಿ ಎರಡು ಮೈಕು, ಕೆಳಗೊಂದು, ಮೇಲೊಂದು. ಬಾಯಿಯ ಸದ್ದು ಕೆಳಗಿನದಕ್ಕೆ ಜೋರು. ದೂರದ ಸದ್ದು ಎರಡಕ್ಕೂ ಸಮ. ಸಮವಾಗಿ ಬಂದದ್ದನ್ನು ಹೊರಗಿನದು ಅಂತ ತಳ್ಳುತ್ತದೆ. ಮಾವನ ಪೆಟ್ಟಿಗೆ ಯಾವಾಗಲೂ ಮಾರು ದೂರದಲ್ಲಿ. ನಾನು ಅದನ್ನು ಕೆಳಗಿನ ಮೈಕಿಗೆ ತಾಗುವಂತೆ ಇಟ್ಟಾಗ ನಾಲ್ಕು ಸೆಕೆಂಡು ಬಾಳಿತು. ಅಷ್ಟೆ.

ಮಗಳು ಹೇಳುತ್ತಿದ್ದ 'ಹುಸ್' ಎಲ್ಲಿಂದ? ಅದೂ ಮಾವನ ಮನೆಯದ್ದಲ್ಲ. ಮಾತಿಲ್ಲ ಅಂತ ತೀರ್ಮಾನವಾದಾಗ ಫೋನು ಚೀಟಿ ಕಳಿಸುವುದನ್ನೇ ನಿಲ್ಲಿಸುತ್ತದೆ. ಬ್ಯಾಟರಿ ಉಳಿಯುತ್ತದೆ, ಬೇರೆ ಕರೆಗಳಿಗೆ ತೊಂದರೆ ಕಡಿಮೆ. ಪೂರ್ತಿ ಮೌನವಾದರೆ ಕರೆ ಕಟ್ಟಾಯಿತು ಅಂತ ಜನ ಹಲೋ ಹಲೋ ಅನ್ನುತ್ತಾರಲ್ವಾ? ಅದಕ್ಕೆ ಈ ಕಡೆಯ ಫೋನು ತಾನೇ ಒಂದು ಸಣ್ಣ ಹುಸ್ ತಯಾರಿಸಿ ಕೇಳಿಸುತ್ತದೆ. ಎಎಂಆರ್‌ನಲ್ಲಿ ಆ ಹುಸ್ ಹೇಗಿರಬೇಕು ಅಂತ ತಿಳಿಸಲು 20 ಮಿಲಿಸೆಕೆಂಡಿಗಲ್ಲ, 160 ಮಿಲಿಸೆಕೆಂಡಿಗೊಂದು ಪುಟ್ಟ ಚೀಟಿ ಸಾಕು. ನನ್ನ ಮಗಳು ಶ್ರುತಿ ಹುಡುಕುತ್ತಾ ಕೇಳಿಸಿಕೊಳ್ಳುತ್ತಿದ್ದದ್ದು ನಮ್ಮ ಫೋನೇ ಹುಟ್ಟಿಸಿದ ಗಾಳಿ ಸದ್ದನ್ನು.

ಖಚಿತ ಮಾಡಿಕೊಳ್ಳಲು ಗುಡ್ಡೆಯಿಂದಲೇ ಒಂದು ವಾಟ್ಸಾಪ್ ವಾಯ್ಸ್ ಮೆಸೇಜ್ ಕಳಿಸಿದೆ. ಅದರ ಕೋಡೆಕ್ ಓಪಸ್, 2012ರದ್ದು. ಮಾತಿಗೆ ಒಂದು, ಸಂಗೀತಕ್ಕೆ ಒಂದು, ಹೀಗೆ ಎರಡು ದಾರಿಯನ್ನು ಒಳಗಿಟ್ಟುಕೊಂಡಿರುವಂಥದ್ದು. ಶ್ರುತಿ ಕೊನೆಯವರೆಗೂ ಬಂತು. ತಂಬೂರದ ಆ್ಯಪ್ ಹಾಕಿ ಕರೆ ಮಾಡಿದೆ. ಪೆಟ್ಟಿಗೆಗಿಂತ ಜಾಸ್ತಿ ಹೊತ್ತು ಬದುಕಿತು, ಯಾಕೆಂದರೆ ತಂತಿ ಮೀಟಿದಾಗ ಏರುತ್ತದೆ, ಆಮೇಲೆ ಇಳಿಯುತ್ತದೆ, ಫೋನಿಗೆ ಅದು ಮಾತಿನ ಹಾಗೆ ಕಾಣಿಸುತ್ತದೆ. ಪೂರ್ತಿ ಅಲ್ಲ, ತೇಪೆ ತೇಪೆಯಾಗಿ.

ಮಾವನ ತಾಳದ ದೂರಿಗೂ ಉತ್ತರ ಸಿಕ್ಕಿತು, ಇದು ಸುಲಭದ್ದು. ಚೀಟಿ ಬರೆಯಲು 20 ಮಿಲಿಸೆಕೆಂಡಿನ ಮಾತು ಕೂಡಬೇಕು. ಅದು ಟವರಿಗೆ ಹೋಗಿ, ನೆಟ್‌ವರ್ಕಿನಲ್ಲಿ ಸುತ್ತಿ, ಆ ಕಡೆ ಇಳಿಯಬೇಕು. ಕರೆಯಲ್ಲಿ ಒಂದು ಕಡೆಯ ತಡ 150 ಮಿಲಿಸೆಕೆಂಡಿನ ಒಳಗಿದ್ದರೆ ಮಾತುಕತೆಗೆ ಚೆನ್ನ ಅನ್ನುವುದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಲೆಕ್ಕ. ಮಾತುಕತೆಗೆ ಚೆನ್ನ, ತಾಳಕ್ಕೆ? ಮಾವನ ಪೆಟ್ಟು ಅಲ್ಲಿಗೆ ಹೋಗುವಾಗ ಒಮ್ಮೆ ತಡ, ಅವಳ ಪೆಟ್ಟು ವಾಪಸು ಬರುವಾಗ ಇನ್ನೊಮ್ಮೆ. ಎರಡೂ ಸೇರಿದರೆ ಸೆಕೆಂಡಿನ ಕಾಲು ಭಾಗವೋ ಮೂರನೇ ಒಂದೋ ಆಗುತ್ತದೆ. ತ್ವರಿತ ಲಯದಲ್ಲಿ ಅಷ್ಟು ತಡ ಅಂದರೆ ಇಡೀ ಪೆಟ್ಟೇ ತಪ್ಪಿದ ಹಾಗೆ. ಮಾವ ಇದನ್ನು ಕೇಳಿ ಸ್ವಲ್ಪ ಹೊತ್ತು ಸುಮ್ಮನಾದರು. ಆಮೇಲೆ ಮೊಮ್ಮಗಳನ್ನು ಕರೆದು, "ಸುಮ್ನೆ ಬೈದೆ ಮಗಾ ನಿನಗೆ" ಅಂದರು.

ಪರಿಹಾರ ಹುಡುಕಿದ್ದು ನಾನಲ್ಲ, ಮಾವನೇ. ನಾನು ಗುಡ್ಡೆಯ ಮೇಲೆ ಆ್ಯಂಟೆನಾ ಹಾಕಿ ಮನೆಗೆ ಇಂಟರ್ನೆಟ್ ಎಳೆಯುವ ಖರ್ಚಿನ ಲೆಕ್ಕದಲ್ಲಿದ್ದೆ. ಮಾವ ಕೇಳಿದರು, "ಮಾತು ಮಾತ್ರ ಚೆಂದ ಹೋಗ್ತದೆ ಅಲ್ಲವಾ? ಹಾಗಾದರೆ ಮಾತನ್ನೇ ಕಳಿಸುವ." ಜಾಗಟೆ ಕೆಳಗಿಟ್ಟರು. ತಾಳವನ್ನೆಲ್ಲ ಬಾಯಿತಾಳದಲ್ಲೇ ಹೇಳಲು ಶುರು ಮಾಡಿದರು. ತಕಿಟ ತಕದಿಮಿ ಅಂದರೆ ಅದು ಗಂಟಲಿನದ್ದು, ಪ್ರತಿ ಅಕ್ಷರಕ್ಕೂ ಏರಿಳಿತ ಇದೆ, ನಡುವೆ ನಿಲುಗಡೆ ಇದೆ. ಕೋಡೆಕ್‌ಗೂ ಅದೇ ಬೇಕು, ಸೋಸುವವನಿಗೂ ಅದೇ ಬೇಕು. ಹಳೆಯ 2ಜಿ ಕರೆಯಲ್ಲೂ ಒಂದಕ್ಷರ ಬಿಡದೆ ಬೆಂಗಳೂರಿಗೆ ಬಂತು.

ಶ್ರುತಿ ಪೆಟ್ಟಿಗೆ ಈಗ ನಮ್ಮ ಮನೆಯಲ್ಲಿದೆ. ಮಗಳು ಒಂದು ಕಿವಿಗೆ ಫೋನಿನ ಇಯರ್‌ಫೋನ್ ಸಿಕ್ಕಿಸಿಕೊಂಡು, ಇನ್ನೊಂದು ಕಿವಿಯಲ್ಲಿ ಪೆಟ್ಟಿಗೆ ಕೇಳುತ್ತಾಳೆ. ಮಾವ ಮೊದಲು 'ಸಾ' ಅಂತ ಒಮ್ಮೆ ಹಿಡಿಯುತ್ತಾರೆ, ಅವಳು ಪೆಟ್ಟಿಗೆಯನ್ನು ಅದಕ್ಕೆ ಕೂಡಿಸಿಕೊಳ್ಳುತ್ತಾಳೆ. ಉದ್ದಕ್ಕೆ ಹಿಡಿದರೆ ಅದೂ ಕುಗ್ಗುತ್ತದೆ ಅಂತ ಗೊತ್ತಾದ ಮೇಲೆ ಮಾವ ಬಿಟ್ಟು ಬಿಟ್ಟು ಹಿಡಿಯುತ್ತಾರೆ. ಜೊತೆಗೆ ಹಾಡುವುದು ಬಂದ್. ಅವರು ಒಂದು ಸಾಲು, ಇವಳು ಒಂದು ಸಾಲು. ರಾಗದ ಎಳೆತ ಸರಿಯಾಗಿ ಕೇಳಬೇಕಾದ ಪದ್ಯ ಇದ್ದರೆ ಪಕ್ಕದ ಮನೆಯ ಹುಡುಗ ತನ್ನ ಫೋನಿನಲ್ಲಿ ರೆಕಾರ್ಡ್ ಮಾಡಿ, ಕಾಲೇಜಿಗೆ ಹೋಗುವಾಗ ಗುಡ್ಡೆ ಮೇಲಿನಿಂದ ಕಳಿಸುತ್ತಾನೆ. ಎಂಟು ತಿಂಗಳಾಯಿತು, ನಡೆಯುತ್ತಿದೆ. ಜಾಗಟೆ ಮಾತ್ರ ರಜೆಗೆ ಊರಿಗೆ ಹೋದಾಗಲೇ.

ಗದ್ದಲ ತೆಗೆಯುವುದನ್ನು ಆಫ್ ಮಾಡಬಾರದಿತ್ತಾ ಅಂತ ಕೆಲವರು ಕೇಳಿದರು. ಕೆಲವು ಫೋನುಗಳಲ್ಲಿ ಆಗುತ್ತದೆ, ಮಾವನ ಕೀಪ್ಯಾಡಿನಲ್ಲಿ ಅಂಥ ಮೆನು ಇಲ್ಲ. ಇದ್ದರೂ ನಾನು ಆಫ್ ಮಾಡುತ್ತಿರಲಿಲ್ಲ. ಯಾಕೆಂದರೆ ಕಾಸರಗೋಡಿನ ಜೂನ್ ಅಂದರೆ ಏನು ಅಂತ ಗೊತ್ತಿದ್ದವರಿಗೆ ಗೊತ್ತು. ಜಗಲಿಯ ಮೇಲೆ ತಗಡಿನ ಶೀಟು. ಮಳೆ ಬಿದ್ದರೆ ಪಕ್ಕದಲ್ಲಿ ಕೂತವರಿಗೂ ಕಿರುಚಿ ಹೇಳಬೇಕು. ಫೋನಿನಲ್ಲಿ ಮಾತ್ರ ಮಾವನ ಮಾತು ಬಿಡಿಬಿಡಿಯಾಗಿ ಕೇಳುತ್ತದೆ.

ಕಳೆದ ಭಾನುವಾರ ಪಾಠದ ನಡುವೆ ಮಾವ ನಿಲ್ಲಿಸಿದರು.

"ಇಲ್ಲಿ ಎಂಥಾ ಮಳೆ ಗೊತ್ತುಂಟಾ ಮಗಾ, ಕೇಳ್ತದಾ?"

"ಇಲ್ಲ ಅಜ್ಜ."

"ತಾಳು." ಎದ್ದು ಹೋಗಿ ಫೋನನ್ನು ಶೀಟಿನ ಅಡಿಗೆ ಹಿಡಿದರು ಅಂತ ಕಾಣುತ್ತದೆ. ಧೋ ಅಂತ ಒಂದು ಸಲ ನುಗ್ಗಿತು. ಮಗಳು ಬೆರಳು ಮಡಚಿ ಎಣಿಸಿದಳು. ಒಂದು, ಎರಡು.

"ಕೇಳಿತು ಅಜ್ಜ" ಅಂದಳು.